ಮೊಣಕಾಲಿನ ಮೇಲೆ ಮನೆಸಾಲ

ನಮ್ಮ ಆಲ್ಮಾ ಬೀದಿಯಲ್ಲಿ ಯಾರಾದರೂ 'ಹೇಗಿದ್ದೀರಿ' ಎಂದು ಕೇಳಿದರೆ 'ಪರವಾಗಿಲ್ಲ' ಎನ್ನಬೇಕು. ಲ್ಯಾಂಕಶೈರಿನ ಯಾವ ಕಾನೂನು ಪುಸ್ತಕದಲ್ಲೂ ಇದನ್ನು ಬರೆದಿಲ್ಲ. ಆದರೆ ಅಲ್ಲಿ ಬರೆದಿರುವ ಎಲ್ಲ ಕಾನೂನುಗಳಿಗಿಂತ ಹೆಚ್ಚು ಶ್ರದ್ಧೆಯಿಂದ ನಾವು ಪಾಲಿಸುವುದು ಇದನ್ನೇ. ನನ್ನ ಭಾವಮೈದುನ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚುವ ಹತ್ತು ನಿಮಿಷ ಮೊದಲು ನರ್ಸಿಗೆ ಇದೇ ಮಾತು ಹೇಳಿದ. ಅವಳು ನಂಬಿಕೊಂಡು ಪಕ್ಕದ ಹಾಸಿಗೆಗೆ ಹೋದಳು. ನೋವಿದೆ ಎಂದು ಬಾಯಿಬಿಟ್ಟರೆ ಕೇಳಿದವರಿಗೆ ಮುಜುಗರವಾಗುತ್ತದೆ, ಇನ್ನೊಬ್ಬರಿಗೆ ಮುಜುಗರ ಮಾಡುವುದಕ್ಕಿಂತ ಸಾಯುವುದು ಮೇಲು ಎಂದು ನಮ್ಮನ್ನು ಬೆಳೆಸಿದ್ದಾರೆ.

ಈ ವಿದ್ಯೆಯಲ್ಲಿ ಇಡೀ ಬೀದಿಗೇ ಪಾರಂಗತ ಎಂದರೆ ನನ್ನ ಎದುರುಮನೆಯ ಕೀತ್ ಟ್ಯಾಟರ್ಸಾಲ್. ವಯಸ್ಸು ಐವತ್ತೆರಡು. ಚಾವಣಿಗಳಿಗೆ ಹೆಂಚಿನಂತೆ ಸ್ಲೇಟುಕಲ್ಲು ಹೊದಿಸುವುದು ಅವನ ಕಸುಬಾಗಿತ್ತು. ಒಂಬತ್ತು ವರ್ಷದ ಹಿಂದೆ ಒಂದು ಪ್ರಾರ್ಥನಾಮಂದಿರದ ಚಾವಣಿಯಿಂದ ಕೆಳಗೆ ಬಂದ, ಏಣಿಯ ಮೂಲಕ ಅಲ್ಲ. ಎರಡೂ ಮೊಣಕಾಲು ಚೂರಾಗಿ, ಬೆನ್ನಿನ ಎರಡು ಮೂಳೆ ಮುರಿದು ಹುಲ್ಲಿನ ಮೇಲೆ ಬಿದ್ದಿದ್ದವನು, "ಸುಮ್ನೆ ಅಷ್ಟು ದೂರದಿಂದ ಬಂದ್ರಲ್ಲ, ನಂಗೇನೂ ಆಗಿಲ್ಲ," ಎಂದು ಆಂಬುಲೆನ್ಸಿನವರ ಕ್ಷಮೆ ಕೇಳಿದನಂತೆ. ಆಮೇಲೆ ಅವನು ಕೆಲಸಕ್ಕೆ ಹೋಗಲಿಲ್ಲ. ಸರ್ಕಾರ ತಿಂಗಳು ತಿಂಗಳು ಭತ್ಯೆ ಕೊಡುತ್ತಿತ್ತು.

ಆ ಭತ್ಯೆ ಬಂದದ್ದೂ ಅವನ ಪ್ರಯತ್ನದಿಂದಲ್ಲ, ಎಲ್ಸಿ ದೊಡ್ಡಮ್ಮನಿಂದ. ತಾಯಿ ಹೋದ ಮೇಲೆ ಅವನನ್ನು ಹನ್ನೊಂದನೇ ವಯಸ್ಸಿನಿಂದ ಸಾಕಿದವಳು ಅವಳು. ನಲವತ್ತು ಪುಟದ ಅರ್ಜಿಯಲ್ಲಿ ಕೀತ್ ಎಲ್ಲ ಪ್ರಶ್ನೆಗೂ 'ತೊಂದರೆ ಇಲ್ಲ' ಎಂದು ಬರೆಯುತ್ತಿದ್ದುದನ್ನು ಕಂಡು ಕಿತ್ತುಕೊಂಡು ತಾನೇ ತುಂಬಿದಳು. 'ಸ್ನಾನಕ್ಕೆ ಕೈ ಹಿಡಿಯಬೇಕು, ಕಾಲುಚೀಲ ನಾನು ಹಾಕಬೇಕು, ಮೆಟ್ಟಿಲು ಹತ್ತಲಾರ' ಎಂದಳು. ಕೊನೆಯಲ್ಲಿ, 'ಅವನನ್ನು ಕೇಳಬೇಡಿ, ಸುಳ್ಳು ಹೇಳುತ್ತಾನೆ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು.

ಹೋದ ವರ್ಷ ಫೆಬ್ರವರಿಯಲ್ಲಿ ಎಲ್ಸಿ ತೀರಿಕೊಂಡಳು. ಕೀತನ ಜೊತೆ ತಾನಿದ್ದ ಆ ಮನೆಯನ್ನು ಇಬ್ಬರಿಗೆ ಸಮನಾಗಿ ಬರೆದಿಟ್ಟಿದ್ದಳು: ಅರ್ಧ ಕೀತನಿಗೆ, ಅರ್ಧ ಇನ್ನೊಬ್ಬ ತಂಗಿಯ ಮಗಳು ಲೊರೇನಳಿಗೆ. ಲೊರೇನ್ ಸಮುದ್ರದ ಕಡೆ ಸೌತ್‌ಪೋರ್ಟಿನಲ್ಲಿ ಅನುಕೂಲವಾಗಿ ಇದ್ದಾಳೆ. ವರ್ಷಕ್ಕೊಂದು ಸಲ ಕ್ರಿಸ್ಮಸ್ ಕಾರ್ಡಿನ ರೂಪದಲ್ಲಿ ದೊಡ್ಡಮ್ಮನನ್ನು ನೋಡಿಕೊಂಡವಳು. ಮಣ್ಣು ಮಾಡಿ ಬಂದ ಮೇಲೆ ಎಲ್ಲರೂ ಎಲ್ಸಿಯ ಮುಂದಿನ ಕೋಣೆಯಲ್ಲಿ ಹಂದಿಮಾಂಸದ ಸ್ಯಾಂಡ್‌ವಿಚ್ ಹಿಡಿದು ನಿಂತಿದ್ದೆವು. ಲೊರೇನ್ ಒಂದು ಕೈಯಲ್ಲಿ ಕರವಸ್ತ್ರ ಹಿಡಿದು ಇನ್ನೊಂದು ಕೈಯಲ್ಲಿ ಗೋಡೆ ತಟ್ಟುತ್ತಿದ್ದಳು.

"ದೊಡ್ಡಮ್ಮ ಹೋಗಿದ್ದು ನಂಗೆ ತುಂಬಾ ಸಂಕಟ ಕಣೋ ಕೀತ್," ಎಂದಳು. "ಈ ಗೋಡೆ ಒಡೆದ್ರೆ ಎರಡು ರೂಮು ಒಂದಾಗತ್ತಲ್ವಾ? ಈಗಿನೋರು ಹಂಗೇ ಕೇಳ್ತಾರೆ."

"ಯಾರು ಕೇಳ್ತಾರೆ ಅಕ್ಕ?"

"ತಗೊಳ್ಳೋರು. ನೋಡು, ನಾನೇನು ನಿನ್ನ ಬೀದಿಗೆ ಹಾಕ್ತಿಲ್ಲ. ನನ್ನ ಅರ್ಧದ ದುಡ್ಡು ಕೊಟ್ಬಿಡು, ಮನೆ ನೀನೇ ಇಟ್ಕೋ. ಆಗಲ್ವಾ, ಮಾರಿ ಹಂಚ್ಕೊಳ್ಳೋಣ. ನಿಮ್ಮಂಥೋರಿಗೆ ಕೌನ್ಸಿಲ್‌ನೋರು ಫ್ಲ್ಯಾಟ್ ಕೊಡ್ತಾರಂತಲ್ಲ."

ಕೀತ್ ಸ್ಯಾಂಡ್‌ವಿಚ್ ನುಂಗಿ, "ಸರಿ ಅಕ್ಕ, ಪರವಾಗಿಲ್ಲ," ಎಂದ.

ಪರವಾಗಿತ್ತು. ಆ ಮನೆಯ ಹಿಂದಿನ ಕಲ್ಲಿದ್ದಲ ಕೋಣೆಯನ್ನು ಎಲ್ಸಿ ತನ್ನ ಉಳಿತಾಯ ಸುರಿದು ಬಚ್ಚಲು ಮಾಡಿಸಿದ್ದಳು. ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿಂದ ಅಡುಗೆಮನೆಗೆ ಗೋಡೆಯುದ್ದಕ್ಕೂ ಅವನ ಕೈಗೆಟುಕುವ ಎತ್ತರಕ್ಕೆ ಕಂಬಿ ಹಾಕಿಸಿದ್ದಳು. ಕಣ್ಣು ಮುಚ್ಚಿಕೊಂಡರೂ ಅವನು ಅಲ್ಲಿ ಓಡಾಡಬಲ್ಲ. ನಮ್ಮ ನಗರಸಭೆಯಾದ ಕೌನ್ಸಿಲ್ಲಿನ ಫ್ಲ್ಯಾಟು ಸಿಕ್ಕರೆ ಮೂರನೇ ಮಹಡಿಯಲ್ಲಿ ಸಿಗುತ್ತದೆ, ಅದೂ ನಾಲ್ಕು ವರ್ಷ ಕಾದ ಮೇಲೆ. ಆ ಮನೆ ಹೋದರೆ ಕೀತ್ ಯಾರದೋ ಆಶ್ರಮದಲ್ಲಿ ಕುರ್ಚಿಯ ಮೇಲೆ ಕೂತು ಮುದುಕನಾಗಬೇಕು. ಅವನಿಗೆ ಬೇಕಾಗಿದ್ದದ್ದು ಆ ಮನೆ, ಅಷ್ಟೇ. ಅದನ್ನು ಬಾಯಿಬಿಟ್ಟು ಹೇಳುವುದು ಮಾತ್ರ ಅವನಿಂದ ಆಗಲಿಲ್ಲ. ಮುಂದಿನ ವಾರವೇ 'ಮಾರಾಟಕ್ಕಿದೆ' ಎಂಬ ಹಲಗೆ ಮನೆಯ ಮುಂದೆ ನಿಂತಿತು.

ನಾನು ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಕುಳಿತಿರುವವರನ್ನು ಎಬ್ಬಿಸಿ ಕರೆದುಕೊಂಡು ಹೋಗುವುದು ನನ್ನ ರಕ್ತದಲ್ಲೇ ಇದೆ. "ಏಳಯ್ಯ, ಬ್ಯಾಂಕಿಗೆ ಹೋಗೋಣ. ಮನೆ ಮೇಲೆ ಸಾಲ ತಗೊಂಡು ಅವಳ ಮುಖಕ್ಕೆ ಬಿಸಾಕು," ಎಂದೆ.

ಕೀತ್ ಮಣ್ಣಿಗೆ ಹಾಕಿಕೊಂಡ ಸೂಟನ್ನೇ ಹಾಕಿಕೊಂಡ. ಬ್ಯಾಂಕಿನ ಬಾಗಿಲ ಬಳಿ ಊರುಗೋಲನ್ನು ನನ್ನ ಕಾರಿನಲ್ಲೇ ಬಿಟ್ಟ. "ಸಾಲ ಕೇಳೋಕೆ ಹೋಗೋನು ಕುಂಟ್ಕೊಂಡು ಹೋದ್ರೆ ಯಾರು ಕೊಡ್ತಾರೆ ಲೆನ್ನಣ್ಣ," ಎಂದ. ಒಳಗೆ ಸಾಲದ ವಿಭಾಗದ ಕ್ರಾಬ್ಟ್ರೀ ಮೇಡಂ ತನಕ ಹದಿನೈದು ಹೆಜ್ಜೆ. ಅವನ ಹಣೆಯ ಬೆವರನ್ನು ಅವರು ಶಿಷ್ಟಾಚಾರ ಎಂದುಕೊಂಡಿರಬೇಕು.

"ಬನ್ನಿ ಟ್ಯಾಟರ್ಸಾಲ್ ಅವರೇ, ಹೇಗಿದ್ದೀರಿ?"

"ಫಸ್ಟ್ ಕ್ಲಾಸ್ ಮೇಡಂ. ಕುದುರೆ ಹಂಗಿದೀನಿ."

"ಸಂತೋಷ. ಆದಾಯ ಏನಿದೆ?"

"ಭತ್ಯೆ ಬರತ್ತೆ. ಮೊಣಕಾಲು ಒಂಚೂರು... ಈಗೇನಿಲ್ಲ, ಎಲ್ಲಾ ವಾಸಿ ಆದಂಗೇ."

ಮೇಡಂ ಪೆನ್ನು ಕೆಳಗಿಟ್ಟರು. ಅವರ ಮುಖದಲ್ಲಿ ನಿಜವಾದ ದುಃಖ ಕಂಡಿತು. "ವಾಸಿ ಆಗಿದ್ಯಾ? ಹಾಗಾದ್ರೆ ಕಷ್ಟ. ವಾಸಿಯಾದ್ರೆ ಭತ್ಯೆ ನಿಲ್ಲತ್ತೆ, ಭತ್ಯೆ ನಿಂತ್ರೆ ಕಂತು ಹೇಗೆ ಕಟ್ತೀರಿ?"

"ಅಂದ್ರೆ ಭತ್ಯೆ ನೋಡಿ ಸಾಲ ಕೊಡ್ತೀರಾ?" ನಾನು ಕೇಳಿದೆ.

"ಯಾಕೆ ಕೊಡಬಾರದು? ಆದಾಯ ಎಲ್ಲಿಂದ ಬಂದ್ರೂ ಆದಾಯವೇ, ನಮ್ಮ ಬ್ಯಾಂಕಲ್ಲಿ ಭೇದಭಾವ ಇಲ್ಲ. ಆದ್ರೆ ಸಾಲ ತೀರೋ ತನಕ ಅದು ಬರ್ತಾ ಇರಬೇಕು. ಇವರದ್ದು ಹದಿನೆಂಟು ವರ್ಷದ ಸಾಲ. ಎಪ್ಪತ್ತಾಗೋವರೆಗೂ ಗುಣ ಆಗೋ ಸೂಚನೆ ಇಲ್ಲ ಅಂತ ಭತ್ಯೆ ಕಚೇರಿಯಿಂದ ಒಂದು ಕಾಗದ ತನ್ನಿ, ನಾಳೆನೇ ಕೊಡ್ತೀನಿ."

"ಎಪ್ಪತ್ತರ ತನಕ ನರಳಬೇಕು ಅಂತೀರಾ?"

"ನರಳೋದು ಅಂತ ನಾವು ಬರೆಯಲ್ಲ. ಸ್ಥಿರ ಆದಾಯ ಅಂತ ಬರೀತೀವಿ."

"ಮಧ್ಯದಲ್ಲಿ ಸತ್ತುಹೋದ್ರೆ?"

"ಅದು ಬೇರೆ ಫಾರಂ," ಎಂದರು ಮೇಡಂ.

ಹೀಗೆ ಗುಣವೂ ಆಗದೆ, ಸಾಯಲೂ ಸಾಯದೆ, ಹದಿನೆಂಟು ವರ್ಷ ಒಂದೇ ಸಮನೆ ಇರಬೇಕೆಂಬುದು ಬ್ಯಾಂಕಿನ ಷರತ್ತು. ಹಿಂದಿನ ಋಷಿಗಳು ಕೂಡ ಇಷ್ಟು ಕರಾರುವಾಕ್ಕಾಗಿ ಶಾಪ ಕೊಟ್ಟಿರಲಾರರು. ಕೀತ್ ಮಾತ್ರ ಆ ಹೆಂಗಸಿಗೆ ನಿರಾಸೆ ಮಾಡಿದೆನಲ್ಲಾ ಎಂದು ದಾರಿಯುದ್ದಕ್ಕೂ ಪೇಚಾಡಿದ.

ಭತ್ಯೆಯ ಮರುಪರಿಶೀಲನೆ ಹೇಗೂ ಆ ವರ್ಷವೇ ಇತ್ತು. ಡಾಕ್ಟರ ಕಾಗದ ಇರಲೆಂದು ಅಲ್ಲಿಗೂ ಹೋದೆವು. ಅವರು ಕಂಪ್ಯೂಟರಿನಲ್ಲಿ ಕೀತನ ಚರಿತ್ರೆ ತೆಗೆದರೆ ಒಂಬತ್ತು ವರ್ಷದಲ್ಲಿ ಹನ್ನೊಂದು ಭೇಟಿ, ಹನ್ನೊಂದು ಸಲವೂ ಒಂದೇ ವಾಕ್ಯ: ರೋಗಿ ಪರವಾಗಿಲ್ಲ ಎಂದರು.

"ಕಾಲು ನೋಯ್ತದೆ ಅಂತ ಒಂದು ಸಲನಾದ್ರೂ ಹೇಳಬಾರದಾ? ನಾನೇನು ಕನಸು ಕಾಣ್ಲಾ?" ಡಾಕ್ಟರು ರೇಗಿದರು.

"ಹೊರಗಡೆ ತುಂಬಾ ಜನ ಕಾಯ್ತಿದ್ರು ಡಾಕ್ಟ್ರೇ. ಸುಮ್ನೆ ನಿಮಗ್ಯಾಕೆ ತೊಂದ್ರೆ ಅಂತ."

ಮೇ ತಿಂಗಳಲ್ಲಿ ಎರಡು ಫೋನು ಬಂದವು. ಭತ್ಯೆ ಕಚೇರಿಯವರು ಕೀತನನ್ನು ನೋಡಲು ಮಂಗಳವಾರ ಒಂಬತ್ತರಿಂದ ಒಂದರೊಳಗೆ ಬರುತ್ತೇವೆ ಎಂದರು. ಬ್ಯಾಂಕಿನವರು ಮನೆಯನ್ನು ನೋಡಿ ಬೆಲೆಕಟ್ಟಲು ಅದೇ ಮಂಗಳವಾರ ಅದೇ ಹೊತ್ತಿಗೆ ಬರುತ್ತೇವೆ ಎಂದರು. ಬೇರೆ ದಿನ ಬನ್ನಿ ಎನ್ನುವುದು ಒರಟುತನವಾದೀತೆಂದು ಕೀತ್ ಇಬ್ಬರಿಗೂ ಆಗಲಿ ಎಂದ.

ಆಗ ರಂಗಪ್ರವೇಶ ಮಾಡಿದವಳು ಪಕ್ಕದ ಮನೆಯ ಮಿಸೆಸ್ ಪಿಲ್ಲಿಂಗ್. ನಮ್ಮ ಬೀದಿಯಲ್ಲಿ ದೂರು ಹೇಳಲು ನಾಚದ ಏಕೈಕ ಜೀವ. ಕೌನ್ಸಿಲ್ ಕಚೇರಿಯಲ್ಲಿ ಅವಳ ಧ್ವನಿ ಕೇಳಿದ ಕೂಡಲೇ ಊಟಕ್ಕೆ ಎದ್ದುಹೋಗುತ್ತಾರೆ. ಎಲ್ಲರನ್ನೂ 'ಚಿನ್ನ' ಎಂದೇ ಕರೆಯುವ ಅವಳು, ಕೀತನನ್ನು ಎದುರು ಕೂರಿಸಿಕೊಂಡು ಯುದ್ಧದ ಯೋಜನೆ ವಿವರಿಸಿದಳು.

"ಕೇಳು ಚಿನ್ನ. ಭತ್ಯೆಯೋರು ಒಬ್ಬ ನರ್ಸಮ್ಮನ್ನ ಕಳಿಸ್ತಾರೆ. ಅವಳ ಮುಂದೆ ನೀನು ಅರ್ಧ ಹೆಣ. ಬ್ಯಾಂಕಿನೋರು ಗೋಡೆ ತಟ್ಟಿ ನೋಡೋ ಗಂಡಸನ್ನ ಕಳಿಸ್ತಾರೆ. ಅವನ ಮುಂದೆ ಈ ಮನೆ ಅರಮನೆ. ಇದರಲ್ಲಿ ತಪ್ಪೋಕೆ ಏನಿದೆ?"

ತಪ್ಪಲು ಏನಿದೆ ಎಂದು ತಿಳಿಯಬೇಕಾದರೆ ನಮ್ಮ ಇನ್ನೊಂದು ಪದ್ಧತಿ ತಿಳಿದಿರಬೇಕು. ಮನೆಗೆ ಬಂದವರನ್ನು ನೀವು ಯಾರು ಎಂದು ಕೇಳುವುದಿದ್ದರೆ ಹೊಸಿಲ ಮೇಲೇ ಕೇಳಬೇಕು. ಒಮ್ಮೆ ಒಳಗೆ ಕೂರಿಸಿ ಕೈಗೆ ಚಹಾ ಕೊಟ್ಟ ಮೇಲೆ ಕೇಳುವಂತಿಲ್ಲ. ಗುರುತಿಲ್ಲದವರಿಗೆ ಚಹಾ ಕೊಟ್ಟೆವು ಎಂದು ಒಪ್ಪಿಕೊಂಡ ಹಾಗಾಗುತ್ತದೆ, ಬಂದವರಿಗೂ ಅವಮಾನ, ಕೊಟ್ಟವರಿಗೂ ಅವಮಾನ. ನನ್ನ ಮಾವನ ಮನೆಗೆ ಒಬ್ಬ ಮನುಷ್ಯ ಆರು ವರ್ಷ ಪ್ರತಿ ಭಾನುವಾರ ಚಹಾಕ್ಕೆ ಬಂದುಹೋದ. ಅವನು ಯಾರೆಂದು ಇವತ್ತಿಗೂ ತಿಳಿಯದು.

ಮಂಗಳವಾರ ಬೆಳಿಗ್ಗೆ ಜೋರು ಮಳೆ. ಒಂಬತ್ತೂವರೆಗೆ ಬಾಗಿಲಲ್ಲಿ ಒಬ್ಬ ಹೆಂಗಸು, ಕೈಯಲ್ಲಿ ಚೀಲ, ಕೊರಳಿನ ಗುರುತಿನ ಚೀಟಿ ರೇನ್‌ಕೋಟಿನೊಳಗೆ. ನೆನೆಯುತ್ತಿರುವವರನ್ನು ಹೊರಗೆ ನಿಲ್ಲಿಸಿ ಯಾರೆಂದು ವಿಚಾರಿಸುವುದು ಹೇಗೆ? ಹೆಂಗಸು ಅಂದ ಮೇಲೆ ನರ್ಸೇ. ಮಿಸೆಸ್ ಪಿಲ್ಲಿಂಗ್ ಎಳೆದುಕೊಂಡು ಬಂದು ಕೂರಿಸಿ ಚಹಾ ಕೊಟ್ಟಳು. ಪರದೆ ಎಳೆದಿತ್ತು. ಕೀತ್ ಎರಡು ಕಂಬಳಿಯೊಳಗಿನಿಂದ ಮೂಗು ಮಾತ್ರ ಹೊರಗೆ ಬಿಟ್ಟಿದ್ದ. ನರ್ಸಮ್ಮನ ಮನಸ್ಸು ಕರಗಲೆಂದು ಮಿಸೆಸ್ ಪಿಲ್ಲಿಂಗ್ ಬೆಳಗಿನಿಂದ ಒದ್ದೆ ಬಟ್ಟೆಗಳನ್ನು ಗೋಡೆಗೆ ಒತ್ತಿ ನೇತುಹಾಕಿ, ಕೋಣೆಗೆ ಒಂದು ಬಗೆಯ ಶೋಕದ ವಾಸನೆ ಬರಿಸಿದ್ದಳು.

ಬಂದಾಕೆ ಸುತ್ತ ನೋಡಿ, "ಎಷ್ಟು ದಿನದಿಂದ ಹೀಗಿದೆ?" ಎಂದಳು.

"ದಿನ ಅಲ್ಲ ಚಿನ್ನ, ಒಂಬತ್ತು ವರ್ಷ," ಎಂದಳು ಮಿಸೆಸ್ ಪಿಲ್ಲಿಂಗ್. "ದಿನೇ ದಿನೇ ಕುಸೀತಾನೇ ಇದೆ."

"ಕುಸೀತಾ ಇದ್ಯಾ?" ಆಕೆ ಬರೆದುಕೊಂಡಳು. "ಏನೂ ದುರಸ್ತಿ ಮಾಡ್ಸಿಲ್ವಾ?"

"ಡಾಕ್ಟ್ರೇ ಕೈಬಿಟ್ರು. ಇನ್ನೇನು ದುರಸ್ತಿ?"

ಆಕೆ ಚೀಲದಿಂದ ಎರಡು ಮೊಳೆಯಿದ್ದ ಒಂದು ಸಣ್ಣ ಯಂತ್ರ ತೆಗೆದಳು. ಕೀತ್ ವಿಧೇಯನಾಗಿ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಚಿ ಕಾಲು ಮುಂದೆ ಚಾಚಿದ. ಆಕೆ ಆ ಕಾಲನ್ನು ದಾಟಿ ಹೋಗಿ ಯಂತ್ರವನ್ನು ಗೋಡೆಗೆ ಚುಚ್ಚಿದಳು. ಅದು ಕಿರುಚಿಕೊಂಡಿತು.

"ಈಗಿನ ವೈದ್ಯಶಾಸ್ತ್ರ ತುಂಬಾ ಮುಂದುವರಿದಿದೆ," ಎಂದು ಕೀತ್ ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

"ಮಹಡಿ ನೋಡಬಹುದಾ?" ಆಕೆ ಕೇಳಿದಳು.

"ಅಯ್ಯೋ ಬೇಡಮ್ಮ, ಅಲ್ಲಿಗೆ ಕಾಲಿಟ್ರೆ ಜೀವಕ್ಕೇ ಅಪಾಯ. ಹೋದೋರು ತಿರುಗಿ ಇಳಿಯೋ ಗ್ಯಾರಂಟಿ ಇಲ್ಲ," ಎಂದಳು ಮಿಸೆಸ್ ಪಿಲ್ಲಿಂಗ್.

ಆಕೆ ಅದನ್ನೂ ಬರೆದುಕೊಂಡು, ಎರಡನೇ ಬಿಸ್ಕತ್ತು ಮುಟ್ಟದೆ, ಒಮ್ಮೆ ತಲೆಯ ಮೇಲಿನ ಚಾವಣಿ ನೋಡಿ ಅವಸರದಲ್ಲಿ ಹೊರಟುಹೋದಳು. "ಕಣ್ಣಲ್ಲಿ ನೀರಿತ್ತು, ನೋಡಿದ್ರಾ?" ಎಂದು ಮಿಸೆಸ್ ಪಿಲ್ಲಿಂಗ್ ಗೆದ್ದ ಸೇನಾಪತಿಯ ಹಾಗೆ ಮನೆಗೆ ಹೋದಳು.

ನಾನು ಪರದೆ ತೆಗೆದು, ಬಟ್ಟೆ ಮುಚ್ಚಿಟ್ಟು, ಕಂಬಳಿಯೊಳಗಿನಿಂದ ಕೀತನನ್ನು ತೆಗೆದು ಸೂಟಿನೊಳಗೆ ಹಾಕಿದೆ. ಹನ್ನೊಂದೂವರೆಗೆ ಒಬ್ಬ ಗಂಡಸು ಬಂದ. ಮಿತಭಾಷಿ, ಎಲ್ಲವನ್ನೂ ನಿಧಾನವಾಗಿ ನೋಡುವ ಕಣ್ಣು. ಬೆಲೆ ಕಟ್ಟುವವನ ಕಣ್ಣು ಹಾಗಲ್ಲದೆ ಇನ್ನು ಹೇಗಿರುತ್ತದೆ? ಕೀತ್ ಊರುಗೋಲಿಲ್ಲದೆ ಬಾಗಿಲಿಗೇ ಹೋಗಿ ಕೈಕುಲುಕಿ ಕರೆತಂದ. ನಾನು ಚಹಾ ಕೊಟ್ಟೆ.

"ಹೇಗಿದ್ದೀರಿ?" ಎಂದ ಆತ.

"ಫಸ್ಟ್ ಕ್ಲಾಸ್."

"ನಿಮ್ಮ ದಿನ ಹೇಗೆ ಕಳೆಯುತ್ತೆ, ಸ್ವಲ್ಪ ಹೇಳ್ತೀರಾ?"

"ಎಲ್ಲಾ ಈ ಮನೆಗೇ ಸ್ವಾಮಿ. ಬೆಳಿಗ್ಗೆ ಎದ್ದು ಮೋರಿ ತೊಳೀತೀನಿ, ಕಿಟಕಿ ಒರೆಸ್ತೀನಿ. ಚಾವಣಿ ನಂದೇ ಕೈಕೆಲಸ. ಹೋದ ವಾರ ನಾಲ್ಕು ಸ್ಲೇಟು ಬದಲಾಯಿಸ್ದೆ."

"ನೀವೇ ಹತ್ತಿ?"

"ಮತ್ತಿನ್ಯಾರು? ಈ ಮನೆಗೆ ಕೂಲಿಯೋರು ಕಾಲಿಟ್ಟಿಲ್ಲ."

ಆತ ಬರೆದುಕೊಂಡ. "ಅಡುಗೆ?"

"ಒಲೆ ಹೊಸದು. ಇಪ್ಪತ್ತು ಜನಕ್ಕೆ ಒಂದೇ ಸಲ ಬೇಯಿಸಬಹುದು."

"ನೀವೇ ಬೇಯಿಸ್ತೀರಾ?"

"ಕಣ್ಣು ಮುಚ್ಚಿಕೊಂಡು."

"ಸ್ನಾನ?" ಎಂದ ಆತ. ಕೀತ್ ಬಚ್ಚಲಿನ ನಲ್ಲಿಗಳನ್ನು ಹೊಗಳಿದ. ಆತ ಪುಟ ತಿರುಗಿಸಿ ಅಷ್ಟೇ ಶಾಂತವಾಗಿ, "ಕಾಲುಚೀಲ ನೀವೇ ಹಾಕ್ಕೋತೀರಾ, ಯಾರಾದ್ರೂ ಹಾಕಬೇಕಾ?" ಎಂದು ಕೇಳಿದ.

ಬೆಲೆ ಕಟ್ಟುವವನಿಗೆ ಕಾಲುಚೀಲ ಯಾಕೆ? ಕೀತ್ ನನ್ನ ಮುಖ ನೋಡಿದ. ನಾನು ಬಿಸ್ಕತ್ತಿನ ತಟ್ಟೆ ನೋಡಿದೆ. ಇಬ್ಬರಿಗೂ ಒಟ್ಟಿಗೆ ಅರ್ಥವಾಗಿತ್ತು. ಆದರೆ ಆತ ಅಷ್ಟರಲ್ಲಿ ಒಂದು ಲೋಟ ಚಹಾ ಮುಗಿಸಿ ಎರಡನೆಯದಕ್ಕೆ ಸಕ್ಕರೆ ಕಲಕುತ್ತಿದ್ದ. ಈಗ ನೀವು ಯಾರು ಎಂದು ಕೇಳುವುದು ನಾಗರಿಕ ಸಮಾಜದಲ್ಲಿ ಸಾಧ್ಯವೇ ಇರಲಿಲ್ಲ. ಇಷ್ಟು ಹೊತ್ತು ಹೇಳಿದ್ದೆಲ್ಲ ಸುಳ್ಳು ಎನ್ನುವುದು ಇನ್ನೂ ಅಸಾಧ್ಯ.

"ನಾನೇ ಹಾಕ್ಕೋತೀನಿ," ಎಂದ ಕೀತ್, ಸಣ್ಣ ದನಿಯಲ್ಲಿ.

"ಮೆಟ್ಟಿಲು?"

ಕೀತ್ ಎದ್ದ. ಹದಿಮೂರು ಮೆಟ್ಟಿಲು. ಹತ್ತುವಾಗ ಒಂದು ಸದ್ದೂ ಮಾಡಲಿಲ್ಲ. ತುದಿಯಲ್ಲಿ ನಿಂತು, ಕಂಬವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, "ನಂಗೆ ಮೇಲೆ ಸ್ವಲ್ಪ ಕೆಲಸ ಇದೆ, ನೀವು ಹೊರಡಿ ಸ್ವಾಮಿ, ಬಂದದ್ದು ಸಂತೋಷ," ಎಂದ. ಆತ ಹೋದ. ಕೀತ್ ಅಲ್ಲೇ ನೆಲದ ಮೇಲೆ ಕುಸಿದು ಕೂತ. ಕೆಳಗೆ ತರಲು ಮುಟ್ಟಿದರೆ ಬಿಳಿಚಿಕೊಳ್ಳುತ್ತಿದ್ದ. ಮಾರನೆಯ ದಿನ ಬೆಳಿಗ್ಗೆ ಅಂಚೆಯವನನ್ನು ಕರೆದು ಇಬ್ಬರೂ ಸೇರಿ ಕುರ್ಚಿ ಸಮೇತ ಇಳಿಸಿದೆವು.

ಮೂರು ವಾರಕ್ಕೆ ಎರಡು ಕಾಗದ ಬಂದವು. ಮನೆ ಶಿಥಿಲ, ಯಂತ್ರದ ಅಳತೆಯಂತೆ ಗೋಡೆಗಳಲ್ಲಿ ತೀವ್ರ ತೇವ, ಮಹಡಿ ಪ್ರಾಣಾಪಾಯಕರ, ಬೆಲೆ ನಿರೀಕ್ಷೆಯ ಅರ್ಧ ಎಂದು ಒಂದು. ಅರ್ಜಿದಾರರು ಆರೋಗ್ಯವಂತರು, ಚಾವಣಿ ಹತ್ತಿ ಕೆಲಸ ಮಾಡಬಲ್ಲರು, ಸಾಮೂಹಿಕ ಅಡುಗೆಯಲ್ಲಿ ಆಸಕ್ತರು, ಭತ್ಯೆ ರದ್ದು ಎಂದು ಇನ್ನೊಂದು. ಎರಡು ಕಚೇರಿಗಳೂ ಇಷ್ಟು ಪ್ರಾಮಾಣಿಕವಾಗಿ ಕೆಲಸ ಮಾಡಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಲೊರೇನ್ ಸೌತ್‌ಪೋರ್ಟಿನಿಂದ ಹಾರಿಬಂದಳು. "ಅರ್ಧ ಬೆಲೆನಾ? ದೊಡ್ಡಮ್ಮ ಇಷ್ಟು ವರ್ಷ ಗುಡಿಸಿ ಒರೆಸಿದ್ದು ಇದಕ್ಕೇನಾ?" ಎಂದು ಎಂದೂ ಇಲ್ಲದ ಭಕ್ತಿಯಿಂದ ಗೋಡೆ ಸವರಿದಳು. ತೇವದ ಸುದ್ದಿ ಹರಡಿ ಮನೆ ನೋಡಲು ಬರುತ್ತಿದ್ದವರು ನಿಂತುಹೋಗಿದ್ದರು. ಕೊನೆಗೆ, "ಆ ಬೆಲೆಯಲ್ಲೇ ನನ್ನ ಅರ್ಧ ಕೊಟ್ಟು ಮುಗಿಸು. ಕ್ರಿಸ್ಮಸ್ ತನಕ ಕಾಯ್ತೀನಿ, ಆಮೇಲೆ ಹರಾಜಿಗೆ ಹಾಕ್ತೀನಿ. ತಪ್ಪು ತಿಳ್ಕೋಬೇಡ ಕಣೋ," ಎಂದಳು.

"ಇಲ್ಲಕ್ಕ, ಪರವಾಗಿಲ್ಲ," ಎಂದ ಕೀತ್. ಆ ಹೊತ್ತಿಗೆ ಅವನನ್ನು ಹಿಡಿದು ಅಲುಗಾಡಿಸಬೇಕೆನಿಸಿತು ನನಗೆ.

ಕ್ರಾಬ್ಟ್ರೀ ಮೇಡಂ ಮಾತ್ರ ಖುಷಿಯಾದರು. ಬೇಕಾದ ಸಾಲ ಅರ್ಧಕ್ಕೆ ಇಳಿದಿತ್ತು. "ಎಲ್ಲಾ ಸರಿಯಾಗಿದೆ. ನಿಮ್ಮ ಆರೋಗ್ಯ ಒಂದು ಅಡ್ಡ ಬಂದಿದೆ, ಅದನ್ನ ಸರಿಪಡಿಸ್ಕೊಂಡು ಬನ್ನಿ," ಎಂದರು.

ಮೇಲ್ಮನವಿಗೆ ಒಂದು ಫಾರಂ. ನಿಮ್ಮ ದೂರನ್ನು ವಿವರಿಸಿ ಎಂಬಲ್ಲಿ ಕೀತ್, 'ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ' ಎಂದು ಬರೆದ. ಮಿಸೆಸ್ ಪಿಲ್ಲಿಂಗ್ ಅದರ ಹಿಂದೆ ಹದಿನಾಲ್ಕು ಪುಟ ಸೇರಿಸಿದಳು. ಅದರಲ್ಲಿ ಮೂರು ಪುಟ ಬೀದಿದೀಪದ ಬಗ್ಗೆ ಇತ್ತು.

ವಿಚಾರಣೆ ನವೆಂಬರ್ ಕೊನೆಗೆ. ಮೇಜಿನ ಆಚೆ ಮೂವರು: ಕನ್ನಡಕದ ನ್ಯಾಯಾಧೀಶೆ, ಒಬ್ಬ ಡಾಕ್ಟರು, ಗಾಲಿಕುರ್ಚಿಯಲ್ಲಿ ಒಬ್ಬ ಸದಸ್ಯ. ಈಚೆ ಕೀತ್, ಹಿಂದೆ ನಾವಿಬ್ಬರು. ನ್ಯಾಯಾಧೀಶೆ ನಗುತ್ತಾ, "ಟ್ಯಾಟರ್ಸಾಲ್ ಅವರೇ, ಇವತ್ತು ಹೇಗಿದ್ದೀರಿ?" ಎಂದರು.

ನಾನು ಕಣ್ಣು ಮುಚ್ಚಿದೆ.

"ಪರವಾಗಿಲ್ಲ ಮೇಡಂ," ಎಂದ ಕೀತ್. ಮಿಸೆಸ್ ಪಿಲ್ಲಿಂಗ್ ಹಣೆ ಚಚ್ಚಿಕೊಂಡ ಸದ್ದು ಕೇಳಿತು.

ನ್ಯಾಯಾಧೀಶೆ ಕಾಗದ ನೋಡಿದರು. "ಮನೆಗೆ ಬಂದೋರ ಎದುರು ಮಹಡಿ ಹತ್ತಿ ತೋರಿಸಿದ್ರಂತೆ?"

"ಹೌದು ಮೇಡಂ."

"ಇಳಿದದ್ದು ಯಾವಾಗ?"

ಕೀತ್ ತುಸು ಯೋಚಿಸಿದ. "ಬುಧವಾರ."

ಗಾಲಿಕುರ್ಚಿಯ ಸದಸ್ಯ ಮುಂದಕ್ಕೆ ಬಾಗಿದ. "ಇಳಿಸಿದ್ದು ಯಾರು?"

"ಲೆನ್ನಣ್ಣ, ಮತ್ತೆ ಅಂಚೆಯೋನು."

"ಅಷ್ಟು ಕಷ್ಟ ಇದ್ದೋರು ಹತ್ತಿದ್ದು ಯಾಕೆ?"

"ಆತ ಎರಡನೇ ಲೋಟ ಕುಡೀತಿದ್ದ ಸಾರ್. ಆಮೇಲೆ ಹೆಂಗೆ ಹೇಳೋದು?"

ಆ ಮೂ‌ವರೂ ಇಲ್ಲಿ ಹುಟ್ಟಿ ಬೆಳೆದವರೇ. ತಲೆಯಾಡಿಸಿದರು. ಸದಸ್ಯ ಮೃದುವಾಗಿ, "ಈಗ ಯಾರ ಕೈಯಲ್ಲೂ ಚಹಾ ಇಲ್ಲ. ಕಾಲುಚೀಲ ಯಾರು ಹಾಕ್ತಾರೆ, ಹೇಳಿ," ಎಂದ.

ಕೀತ್ ತನ್ನ ಬೂಟು ನೋಡಿದ. ನಾನೂ ನೋಡಿದೆ. ಬೂಟಿನೊಳಗೆ ಬರಿಗಾಲು.

"ದೊಡ್ಡಮ್ಮ ಹಾಕ್ತಿದ್ಲು," ಎಂದ. "ಅವಳು ಹೋದ್ಮೇಲೆ ಹಾಕ್ಕೊಂಡಿಲ್ಲ. ಬಗ್ಗೋಕಾಗಲ್ಲ. ನಿದ್ದೆ ಬರಲ್ಲ ಮೇಡಂ, ಯಾವ ಕಡೆ ತಿರುಗಿದ್ರೂ ನೋವು. ಅವಳು ಗೋಡೆಗೆ ಹಾಕ್ಸಿದ ಕಂಬಿ ಹಿಡ್ಕೊಂಡು ಬಚ್ಚಲಿಗೆ ಹೋಗ್ತೀನಿ, ಅದಿಲ್ದೆ ಇದ್ರೆ ತೆವಳಬೇಕು. ಆ ಮನೆ ಬಿಟ್ಟು ಬೇರೆಲ್ಲೂ ನನ್ನ ಕೈಲಿ ಬದುಕೋಕಾಗಲ್ಲ. ತುಂಬಾ ನೋವಿದೆ ಮೇಡಂ. ಹೇಳಿದ್ದಕ್ಕೆ ಕ್ಷಮಿಸಿ."

ಬರಿಗಾಲಲ್ಲಿ ಒಂಬತ್ತು ತಿಂಗಳು ನನ್ನ ಕಾರಿನಲ್ಲಿ ಓಡಾಡಿದವನನ್ನು ನಾನು ಒಂದು ದಿನವೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

ಇಪ್ಪತ್ತು ನಿಮಿಷದಲ್ಲಿ ತೀರ್ಪು ಬಂತು. ಭತ್ಯೆ ಮರುಮಂಜೂರು, ಅವಧಿಯ ಮಿತಿ ಇಲ್ಲ, ಸುಧಾರಣೆಯ ನಿರೀಕ್ಷೆ ಇಲ್ಲ. ಕ್ರಾಬ್ಟ್ರೀ ಮೇಡಂ ಆ ಕೊನೆಯ ಸಾಲನ್ನು ಎರಡು ಸಲ ಓದಿ, ಎದ್ದು ನಿಂತು ಕೀತನ ಕೈಕುಲುಕಿದರು. "ಅಭಿನಂದನೆಗಳು. ಸುಧಾರಣೆಯ ನಿರೀಕ್ಷೆಯೇ ಇಲ್ಲ. ಇಂಥ ಕಾಗದ ತರೋರು ತುಂಬಾ ಕಡಿಮೆ." ಕ್ರಿಸ್ಮಸ್ಸಿಗೆ ಹತ್ತು ದಿನ ಮುಂಚೆ ಲೊರೇನಳಿಗೆ ಹಣ ಸೇರಿತು, ಮನೆ ಕೀತನದಾಯಿತು. ಸಾಲಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಷರತ್ತು ಇತ್ತು: ಸಾಲಗಾರರ ಆರೋಗ್ಯದಲ್ಲಿ ಯಾವುದೇ ಸುಧಾರಣೆ ಕಂಡುಬಂದಲ್ಲಿ ತಕ್ಷಣ ತಿಳಿಸತಕ್ಕದ್ದು. ಭತ್ಯೆ ಕಚೇರಿಯ ಕಾಗದದಲ್ಲೂ ಅದೇ ಮಾತು, ಇನ್ನೂ ದಪ್ಪ ಅಕ್ಷರದಲ್ಲಿ. ನಾವು ಯಾರೂ ಅದಕ್ಕೆ ತಲೆಕೆಡಿಸಿಕೊಳ್ಳಲಿಲ್ಲ. ಈಗ ಕಾಲುಚೀಲ ಹಾಕುವ ಕೆಲಸ ನನ್ನದು.

ಈ ವರ್ಷ ಏಪ್ರಿಲ್ ಕೊನೆಯಲ್ಲಿ ಒಂದು ಬೆಳಿಗ್ಗೆ, ಅಪರೂಪಕ್ಕೆ ಬಿಸಿಲು ಬಿದ್ದಿತ್ತು. ನಾನು ಗೇಟಿಗೆ ಬಣ್ಣ ಬಳಿಯುತ್ತಿದ್ದೆ. ಎದುರುಮನೆಯ ಬಾಗಿಲು ತೆರೆದು ಕೀತ್ ಹೊರಗೆ ಬಂದ. ಊರುಗೋಲು ಕೈಯಲ್ಲಿತ್ತು, ಆದರೆ ನೆಲಕ್ಕೆ ತಾಗಿರಲಿಲ್ಲ. ಎಂಟು ಹೆಜ್ಜೆ ನಡೆದು ಬೀದಿಗೆ ಬಂದು ನಿಂತು, ಬೆಚ್ಚಿದವನಂತೆ ತನ್ನ ಮೊಣಕಾಲು ನೋಡಿಕೊಂಡ.

"ಲೆನ್ನಣ್ಣ," ಎಂದ ಮೆಲ್ಲಗೆ. "ಇವತ್ತು ನೋವೇ ಇಲ್ಲ."

ಒಂಬತ್ತು, ಅಲ್ಲ, ಹತ್ತು ವರ್ಷದಲ್ಲಿ ಆ ಮುಖ ಅಷ್ಟು ಹಗುರವಾಗಿದ್ದನ್ನು ನಾನು ಕಂಡಿರಲಿಲ್ಲ. ಮರುಕ್ಷಣ ಅದರ ಮೇಲೆ ಭಯ ಬಂತು. ಅವನು ಬೀದಿಯ ಆ ತುದಿ ನೋಡಿದ, ಈ ತುದಿ ನೋಡಿದ. ಮೂಲೆಯಲ್ಲಿ ಅಂಚೆಯವನು ತಿರುಗುತ್ತಿದ್ದ. ಎರಡು ಮನೆ ಆಚೆ ಯಾರದೋ ಪರದೆ ಅಲುಗಿತು.

ನಾನು ಕುಂಚ ಕೆಳಗೆ ಹಾಕಿ ಬೀದಿ ದಾಟಿ ಹೋಗಿ ತೋಳು ಕೊಟ್ಟೆ. ಅವನು ಒರಗಿಕೊಂಡ. ಬಾಗಿಲು ಮುಚ್ಚಿಕೊಳ್ಳುವವರೆಗೂ ಇಬ್ಬರೂ ಚೆನ್ನಾಗಿ ಕುಂಟಿದೆವು.